ಕಣ್ಣಿಗೆ ಬೀಳದ ಊರಿನ ನಿಲ್ದಾಣ

ಫ್ರಾನ್ಸಿನ ಮೊಂತ್ವಾರ್ ರೈಲು ನಿಲ್ದಾಣದ ಮುಂದೆ ನಿಂತಾಗ, ನಿಜಕ್ಕೂ ಇಲ್ಲೇನಾ ಎನಿಸಿತು. ಪುಟ್ಟ ಕಟ್ಟಡ, ಪಕ್ಕದಲ್ಲಿ ಹಳಿ, ಸುತ್ತ ಲ್ವಾರ್ ಕಣಿವೆ. ಅರಮನೆಗಳಿಗೆ ಹೆಸರಾದ ಮಹಾನದಿಯಲ್ಲ ಇದು. ಅದೇ ಉಚ್ಚಾರಣೆಯ, ಅದರ ಉತ್ತರಕ್ಕಿರುವ ಸಣ್ಣ ಹೊಳೆ. ದಿನನಿತ್ಯದ ಪ್ರಯಾಣಿಕರ ರೈಲು ಇಲ್ಲಿಗೆ ಬರುವುದು ನಿಂತು ಎಷ್ಟೋ ಕಾಲವಾಗಿದೆ. ನಿಲ್ದಾಣದ ಕಟ್ಟಡ ಈಗ ಮ್ಯೂಸಿಯಂ. 1940ರ ಅಕ್ಟೋಬರ್ 24ರ ಸಂಜೆ ಹಿಟ್ಲರ್ ಮತ್ತು ಸೋತ ಫ್ರಾನ್ಸಿನ ವಿಶಿ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂ ಪರಸ್ಪರ ಕೈಕುಲುಕಿದ್ದು ಇಲ್ಲಿಯೇ!

ಪ್ಯಾರಿಸ್ ಸೇರಿದಂತೆ ಇಡೀ ಉತ್ತರ ಫ್ರಾನ್ಸ್ ಆಗ ಜರ್ಮನ್ನರ ಕೈಯಲ್ಲಿತ್ತು. ಎಲ್ಲವನ್ನೂ ಬಿಟ್ಟು ಈ ಕವಲು ಹಳಿಯ ಊರೇ ಏಕೆ? ಉತ್ತರ ಸಮೀಪದ ಸ್ಯಾಂ-ರಿಮೆಯಲ್ಲಿದೆ. ಅಲ್ಲಿ ಗುಡ್ಡ ಕೊರೆದು ಮಾಡಿದ ರೈಲು ಸುರಂಗವಿದೆ. ಬ್ರಿಟಿಷ್ ವಿಮಾನಗಳು ಬಂದರೆ ಹಿಟ್ಲರನ ರೈಲು ಅದರೊಳಗೆ ಅಡಗಬಹುದಿತ್ತು. ಮೇಲಾಗಿ ಅವನು ಸ್ಪೇನ್ ಗಡಿಗೆ ಹೊರಟಿದ್ದ. ಮೊಂತ್ವಾರ್ ಆ ದಾರಿಗೆ ಹತ್ತಿರ.

ಮೂರು ದಿನಗಳ ಆ ನಾಟಕ ಬೆರಗು ಹುಟ್ಟಿಸುತ್ತದೆ. 22ರಂದು ಇಲ್ಲಿಗೆ ಬಂದವನು ವಿಶಿ ಸರ್ಕಾರದ ಪಿಯೆರ್ ಲವಾಲ್. ಜರ್ಮನಿಯ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್‌ನನ್ನು ಕಾಣಲು ಹೊರಟಿದ್ದೇನೆಂದುಕೊಂಡಿದ್ದ ಅವನಿಗೆ, ಕಾಯುತ್ತಿರುವವನು ಹಿಟ್ಲರ್ ಎಂದು ತಿಳಿದದ್ದು ದಾರಿಯಲ್ಲಿ! 23ರಂದು ಹಿಟ್ಲರ್ ಗಡಿಯ ಆಂದಾಯ್‌ನಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನನ್ನು ಕಂಡ. ಆದರೆ ಫ್ರಾಂಕೋ ಜರ್ಮನಿಯ ಪರವಾಗಿ ಯುದ್ಧಕ್ಕಿಳಿಯಲಿಲ್ಲ. ಮರುದಿನ ಹಿಟ್ಲರ್ ಮತ್ತೆ ಮೊಂತ್ವಾರ್‌ಗೆ ಬಂದ. 84 ವರ್ಷದ ಪೆತಾಂ ಕಾರಿನಲ್ಲಿ ಬಂದಿಳಿದ. 1916ರಲ್ಲಿ ವೆರ್ದಂ ಕದನದಲ್ಲಿ ಜರ್ಮನ್ನರನ್ನು ತಡೆದು ನಿಲ್ಲಿಸಿದ ವೀರನೆಂದು ದೇಶವೇ ಪೂಜಿಸುತ್ತಿದ್ದ ಮುದುಕ. ದುಭಾಷಿ ಪಾಲ್ ಶ್ಮಿಟ್‌ನ ಸಮ್ಮುಖದಲ್ಲಿ ಇಬ್ಬರೂ ಕೈಕುಲುಕಿದರು. ಮಾತುಕತೆ ರೈಲುಬೋಗಿಯೊಳಗೆ ನಡೆಯಿತು.

ಅಲ್ಲಿ ಪೆತಾಂಗೆ ದಕ್ಕಿದ್ದೇನು? ಜರ್ಮನಿಯಲ್ಲಿ ಸೆರೆಯಲ್ಲಿದ್ದ 15 ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರ ಬಿಡುಗಡೆಯ ಖಚಿತ ಭರವಸೆಯೂ ಸಿಗಲಿಲ್ಲ. ಹಿಟ್ಲರನಿಗೂ ಹೆಚ್ಚೇನೂ ದಕ್ಕಲಿಲ್ಲ, ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಲಿಲ್ಲ. ಆದರೆ ಅವನಿಗೆ ಆ ಕೈಕುಲುಕಿನ ಒಂದು ಫೋಟೋ ಸಿಕ್ಕಿತು. ಅದು ಜಗತ್ತೆಲ್ಲ ಹರಡಿತು. ಅಕ್ಟೋಬರ್ 30ರಂದು ಪೆತಾಂ ತಾನಾಗಿಯೇ ಜರ್ಮನಿಯೊಡನೆ ಸಹಯೋಗದ ಹಾದಿ ಹಿಡಿದಿರುವುದಾಗಿ ರೇಡಿಯೋದಲ್ಲಿ ಘೋಷಿಸಿದ. ಯುದ್ಧ ಮುಗಿದ ಮೇಲೆ ದೇಶದ್ರೋಹಕ್ಕಾಗಿ ಇಬ್ಬರಿಗೂ ಮರಣದಂಡನೆ ವಿಧಿಸಲಾಯಿತು. 1945ರಲ್ಲಿ ಲವಾಲ್ ಗುಂಡಿಗೆ ಬಲಿಯಾದ. ಪೆತಾಂನ ಮರಣದಂಡನೆ ಜೀವಾವಧಿಗೆ ಇಳಿದು, 1951ರಲ್ಲಿ ಅವನು ಇಲ್-ದ್ಯೂ ದ್ವೀಪದಲ್ಲಿ ಸತ್ತ.

ಈಗ ಬೇಸಿಗೆಯಲ್ಲಿ ತೋರೆ-ಲಾ-ರೊಷೆತ್‌ನಿಂದ ಹೊರಡುವ ಪ್ರವಾಸಿ ರೈಲು ಇದೇ ಹಳಿಯಲ್ಲಿ, ಬಂಡೆ ಕೊರೆದ ಮನೆಗಳ ತ್ರೋ ಊರಿನತ್ತ ಸಾಗುತ್ತದೆ. ಮೊಂತ್ವಾರ್‌ನಲ್ಲಿಳಿದವರು ಸ್ಯಾಂ-ಝಿಲ್ ಪ್ರಾರ್ಥನಾಮಂದಿರದ 12ನೇ ಶತಮಾನದ ಭಿತ್ತಿಚಿತ್ರಗಳನ್ನೂ ನೋಡಬೇಕು. ಕವಿ ರೊಂಸಾರ್ ಅಲ್ಲಿನ ಮಠಾಧಿಕಾರಿಯಾಗಿದ್ದ. ಇಷ್ಟೆಲ್ಲ ಇದ್ದರೂ ಫ್ರಾನ್ಸಿನ ಚರಿತ್ರೆಯಲ್ಲಿ ಮೊಂತ್ವಾರ್ ಎಂದರೆ ಆ ಕೈಕುಲುಕು. ಯಾರ ಗಮನಕ್ಕೂ ಬಾರದಂತಿದ್ದ ಜಾಗವೇ ಒಂದು ಸರ್ಕಾರದ ಅವಮಾನದ ವಿಳಾಸವಾಯಿತು.