ಕಂಠೀರವದಲ್ಲಿ ಅರ್ಧ ಸೆಕೆಂಡು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಅಲ್ಲಿಂದ ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ಹಾದು ಸುಮಾರು 40 ಕಿಲೋಮೀಟರ್ ಸಾಗಿದರೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. 2023ರ ಜುಲೈ 4ರ ರಾತ್ರಿ ಅಲ್ಲೆದ್ದ ಸದ್ದು ಬೇರೆಯೇ ಬಗೆಯದು.

ಅಂದು ಸ್ಯಾಫ್ ಫುಟ್‌ಬಾಲ್ ಟೂರ್ನಿಯ ಫೈನಲ್. ಅತಿಥಿ ತಂಡ ಕುವೈತ್ 14ನೇ ನಿಮಿಷದಲ್ಲೇ ಗೋಲು ಹೊಡೆದಾಗ ಪ್ರೇಕ್ಷಕರ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತು. ವಿರಾಮಕ್ಕೆ ಮುನ್ನ ಛಾಂಗ್ಟೆ ಸಮ ಮಾಡಿದರು. ಹೆಚ್ಚುವರಿ ಅರ್ಧ ಗಂಟೆ ಕಳೆದರೂ 1-1. ಇನ್ನುಳಿದದ್ದು ಪೆನಾಲ್ಟಿ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಚೆಂಡಿಗೂ ಗೋಲಿಗೂ ಇರುವ ದೂರ 11 ಮೀಟರ್. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಒದ್ದರೆ ಅರ್ಧ ಸೆಕೆಂಡೂ ಹಿಡಿಯದು. ಕಣ್ಣು ಕಂಡು, ಮಿದುಳು ತಿಳಿದು, ಕಾಲು ಚಿಮ್ಮುವಷ್ಟರಲ್ಲಿ ಚೆಂಡು ಬಲೆಯೊಳಗಿರುತ್ತದೆ. ಆದ್ದರಿಂದ ಗೋಲ್‌ಕೀಪರ್ ಒದೆಯುವವನ ಸೊಂಟ, ಊರಿದ ಪಾದ ಗಮನಿಸಿ ಮೊದಲೇ ಒಂದು ಕಡೆಗೆ ಮನಸ್ಸು ಮಾಡಬೇಕು. ಇದನ್ನು ಬರೀ ಅದೃಷ್ಟ ಎನ್ನುವುದು ಅನ್ಯಾಯ.

ಕುವೈತ್‌ನ ಮೊದಲ ಒದೆತ ಅಡ್ಡಕಂಬಕ್ಕೆ ಬಡಿಯಿತು. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಭಾರತದ ನಾಲ್ಕನೆಯದನ್ನು ಉದಾಂತ ಸಿಂಗ್ ತಪ್ಪಿಸಿದರು. ಐದೈದು ಮುಗಿದಾಗ 4-4. ಆರನೆಯದರಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದರು. ಕುವೈತ್‌ನ ಹಾಜಿಯಾ ಒದ್ದ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದರು. ಮೂರು ದಿನ ಮೊದಲು ಸೆಮಿಫೈನಲ್‌ನಲ್ಲಿ ಲೆಬನಾನ್‌ನ ಒದೆತವನ್ನೂ ತಡೆದವರು ಅವರೇ.

ಗ್ಯಾಲರಿಯಲ್ಲಿ ‘ವಂದೇ ಮಾತರಂ’ ಮೊಳಗಿತು. 150 ಮೀಟರ್ ಆಚೆ ಕುಳಿತವರ ಕೂಗು ಈಚೆಯವರ ಕಿವಿಗೆ ತಲುಪಲು ಬೇಕಾದದ್ದೂ ಹೆಚ್ಚುಕಡಿಮೆ ಆ ಚೆಂಡಿಗೆ ಹಿಡಿದಷ್ಟೇ ಹೊತ್ತು.