ಸದ್ದಿಗೊಂದು ಹೆಸರು

ನಮ್ಮ ವ್ಯಾಕರಣಕಾರರು ಅನುಕರಣಾವ್ಯಯಗಳೆಂದು ಕರೆದ ಪದಗಳಿಗೆ ಸಾಹಿತ್ಯ ಸಭೆಗಳಲ್ಲಿ ಅಷ್ಟೇನೂ ಮನ್ನಣೆಯಿಲ್ಲ. ಗಡಗಡ, ಲೊಡಲೊಡ, ಟಕಟಕ, ಕಿಣಿಕಿಣಿ ಮುಂತಾದುವು ಶಿಶುಗೀತೆಗಳಿಗಷ್ಟೇ ಸಲ್ಲುವುವೆಂದು ಬಹುಮಂದಿ ಭಾವಿಸಿದ್ದಾರೆ. ಆದರೆ ಅಂಥದೊಂದು ಪದವು ನಮ್ಮ ಹಳೆಯ ಕಾರನ್ನು ಗುಜರಿಗೆ ಹೋಗದಂತೆ ಉಳಿಸಿತು. ಆ ಸಂಗತಿಯನ್ನು ಸಂಘದ ಬಂಧುಗಳ ಮುಂದಿಡಲು ಬಯಸುತ್ತೇವೆ.

ನಮ್ಮದು 1996ರ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಕಾರ್ಬ್ಯುರೇಟರಿನ ಎಂಜಿನ್ನು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ವಾಹನ ಎಷ್ಟೋ ಮನೆಗಳಿಗೆ ಮೊದಲ ಕಾರಾಗಿತ್ತು. ನಮ್ಮ ತಂದೆಯವರು ಅದನ್ನು ಕೊಂಡದ್ದು ನಿವೃತ್ತಿಯ ಹಣದಿಂದ. ಅವರು ತೀರಿಕೊಂಡ ಮೇಲೂ ಮುಂದಿನ ಎಡಬದಿಯ ಆಸನ ತಾಯಿಯವರದೇ.

ತಾಯಿಯವರ ತವರು ಕಂಬಂ. ತೇನಿ ಜಿಲ್ಲೆಯ ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗರ ಮನೆಮಾತು ಇಂದಿಗೂ ಕನ್ನಡವೇ, ಓದುಬರಹ ತಮಿಳು. ಕಂಬಂನ ನಂದಗೋಪಾಲನ ದೊಡ್ಡಿಯಲ್ಲಿ ಅವರು ದೇವರ ಹಸುಗಳ ಹಿಂಡನ್ನು ಸಾಕಿಕೊಂಡು ಬಂದಿದ್ದಾರೆ. ಮಾಟ್ಟು ಪೊಂಗಲಿನಂದು ಅಲ್ಲಿ ಜನ ನೆರೆಯುತ್ತಾರೆ. ಅದನ್ನು ಇನ್ನೊಮ್ಮೆ ನೋಡಬೇಕೆಂಬುದು ತಾಯಿಯವರ ಆಸೆಯಾಗಿತ್ತು.

ಬೆಂಗಳೂರಿನಿಂದ ದಿಂಡಿಗಲ್ಲಿನವರೆಗೆ ಪ್ರಯಾಣ ಸುಖವಾಗಿಯೇ ಸಾಗಿತು. ವತ್ತಲಗುಂಡಿನ ಹಾದಿಯಲ್ಲಿ ಸಣ್ಣ ಏರು ಬಂದಾಗಲೆಲ್ಲ ಎಂಜಿನ್ನಿನಿಂದ ಹಿಂದೆಂದೂ ಕೇಳದ ಸದ್ದು ಏಳತೊಡಗಿತು. ತೇನಿ ಪೇಟೆಯಲ್ಲಿ ವಾಹನ ಸಾಲಿನ ಹಿಂದೆ ನಿಂತೊಡನೆ ಎಂಜಿನ್ನು ನಡುಗಿ ಆರಿಹೋಯಿತು. ಎಣ್ಣೆಯ ಕಡ್ಡಿ ಎಳೆದು ನೋಡಿದೆವು, ಮಟ್ಟ ಸರಿಯಾಗಿತ್ತು. ಎಣ್ಣೆಯ ಒತ್ತಡದ ಕೆಂಪು ದೀಪ ಉರಿದಿರಲಿಲ್ಲ, ಬಿಸಿಯ ಮುಳ್ಳು ಏರಿರಲಿಲ್ಲ. ನಿಧಾನವಾಗಿ ಮುಂದುವರಿದು, ಚಿನ್ನಮನೂರು, ಉತ್ತಮಪಾಳಯಗಳಲ್ಲಿ ಮತ್ತೆ ಮತ್ತೆ ಆರಿದ ಎಂಜಿನ್ನನ್ನು ಎಬ್ಬಿಸುತ್ತ ಕಂಬಂ ಸೇರಿದೆವು.

ಹಬ್ಬದ ದಿನಗಳಾದ್ದರಿಂದ ಗ್ಯಾರೇಜುಗಳೆಲ್ಲ ಮುಚ್ಚಿದ್ದುವು. ಬೆಂಗಳೂರಿನ ಪರಿಚಿತ ಕಾರ್ಯಾಗಾರವೊಂದಕ್ಕೆ ದೂರವಾಣಿ ಮಾಡಿದೆವು. ಅತ್ತಲಿನವರು ಫೋನಿನಲ್ಲೇ ಸದ್ದು ಕೇಳಿ, ಬೇರಿಂಗು ಹೋಗಿದೆ, ಎಂಜಿನ್ನು ಇಳಿಸಬೇಕು, ಆ ಖರ್ಚಿಗಿಂತ ಗುಜರಿಗೆ ಕೊಡುವುದೇ ಮೇಲೆಂದರು. ತಾಯಿಯವರು ಏನೂ ಹೇಳದೆ ಒಳಗೆ ಹೋದರು.

ಸಂಜೆ ನೆರೆಮನೆಯ ಹಿರಿಯರೊಬ್ಬರು ಬಂದರು. ದ್ರಾಕ್ಷಿತೋಟಗಳ ಪಂಪುಸೆಟ್ಟು, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿ ಪಳಗಿದ ಕೈ. ಅವರು ಬಾನೆಟ್ಟು ತೆರೆಯಲಿಲ್ಲ; ತಮಿಳಿನ ರಾಗ ಬೆರೆತ ಕನ್ನಡದಲ್ಲಿ, ಸದ್ದು ಹೇಗೆ ಬರುತ್ತದೆಂದು ಕೇಳಿದರು. ತಳದಿಂದ ಧಡಧಡ ಎಂದರೆ ಬೇರಿಂಗು. ಮತ್ತೆ ಚಾಲೂ ಮಾಡಲೇಬಾರದು. ಮೇಲಿನಿಂದ ಟಕಟಕ ಎಂದರೆ ವಾಲ್ವುಗಳ ಸಂದು. ಪಕ್ಕದ ಬೆಲ್ಟಿನ ಕಡೆ ಗರಗರ ಎಂದರೆ ನೀರಿನ ಪಂಪೋ ಆಲ್ಟರ್ನೇಟರೋ. ಲೊಡಲೊಡ ಎಂದರೆ ಸೈಲೆನ್ಸರಿನ ತಗಡು. ನಾವು ಯೋಚಿಸುತ್ತಿರುವಾಗ ತಾಯಿಯವರು ಬಾಗಿಲಿನಿಂದಲೇ ಹೇಳಿದರು: “ಅದು ಯಾವುದೂ ಅಲ್ಲಣ್ಣಾ. ಹಿತ್ತಾಳೆ ಚೆಂಬಿನಲ್ಲಿ ಹುಣಸೆಬೀಜ ಕುಲುಕಿದ ಹಾಗೆ, ಕಿಣಿಕಿಣಿ. ಏರಿನಲ್ಲಿ ಮಾತ್ರ.”

ಹಿರಿಯರ ಮುಖ ಅರಳಿತು. ಅದು ಲೋಹ ಸವೆದ ಸದ್ದಲ್ಲ, ಇಂಧನ ಕ್ರಮತಪ್ಪಿ ಉರಿಯುವ ಸದ್ದು ಎಂದರು. ಪೆಟ್ರೋಲಿಗೆ ಬೆರೆಯುವ ಗಾಳಿ ಹೆಚ್ಚಾದರೆ ಭಾರ ಎಳೆಯುವಾಗ ಎಂಜಿನ್ನು ಹೀಗೆ ಕಿಣಿಗುಟ್ಟುವುದುಂಟು. ನಿಂತಲ್ಲಿ ಆರಿಹೋಗುವುದಕ್ಕೂ ಅದೇ ಮೂಲವಿರಬಹುದು. ಎರಡು ಲಕ್ಷಣಗಳಿದ್ದ ಮಾತ್ರಕ್ಕೆ ಎರಡು ರೋಗಗಳಿರಬೇಕೆಂದಿಲ್ಲ.

ಪರೀಕ್ಷೆ ಸರಳವಾಗಿತ್ತು. ಎಂಜಿನ್ನು ನಡುಗಿ ಆರುವ ಹೊತ್ತಿಗೆ ಚೋಕನ್ನು ತುಸು ಎಳೆಸಿದರು; ಅದು ಒಡನೆ ಸುಧಾರಿಸಿಕೊಂಡಿತು. ಚೋಕು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವುದರಿಂದ, ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆಯೆಂಬ ಅನುಮಾನ ಬಲವಾಯಿತು. ಪೆಟ್ರೋಲಿನ ಫಿಲ್ಟರು ಕಟ್ಟಿಕೊಂಡರೂ ಮಿಶ್ರಣ ತೆಳುವಾಗುತ್ತದೆ; ಆದರೆ ಆಗ ವೇಗದಲ್ಲಿ ಎಂಜಿನ್ನು ಸೋಲುತ್ತದೆ. ನಮ್ಮದು ಸೋಲುತ್ತಿದ್ದುದು ನಿಂತಾಗ. ಕಾರ್ಬ್ಯುರೇಟರಿನ ಗಾಳಿಬಾಗಿಲು ಮುಚ್ಚಿ, ಒಳಗಿನ ಹೀರುವಿಕೆ ಪ್ರಬಲವಾಗಿರುವಾಗಲೇ ಸಣ್ಣ ಸೋರಿಕೆಯೂ ದೊಡ್ಡದಾಗುತ್ತದೆ. ಅವರು ರಬ್ಬರು ಕೊಳವೆಗಳನ್ನು ಒಂದೊಂದಾಗಿ ಬೆರಳಿನಿಂದ ಹಿಸುಕುತ್ತ ಬಂದರು. ಒಂದನ್ನು ಹಿಸುಕಿದಾಗ ಎಂಜಿನ್ನಿನ ನಡುಕ ನಿಂತಿತು. ಕೊಳವೆಯ ತುದಿ ವರ್ಷಗಳ ಕಾವಿಗೆ ಗಡುಸಾಗಿ, ಉಗುರಿನಷ್ಟು ಉದ್ದಕ್ಕೆ ಸೀಳಿತ್ತು.

ಅಂಗಡಿಯಿರಲಿಲ್ಲ, ಬಿಡಿಭಾಗವಿರಲಿಲ್ಲ. ಸೀಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದ ಕೊಳವೆಯನ್ನು ಎಳೆದು ಕೂರಿಸಿ ಕ್ಲಿಪ್ಪು ಬಿಗಿದರು. ಹಣ ಕೊಡಲು ಹೋದರೆ ತಾಯಿಯವರತ್ತ ಕೈತೋರಿ ನಕ್ಕು, ರೋಗ ಕಂಡುಹಿಡಿದವರಿಗೆ ಕೊಡಿರೆಂದರು. ಮರುದಿನ ತಾಯಿಯವರು ತಮ್ಮ ಆಸನದಲ್ಲೇ ಕುಳಿತು ದೊಡ್ಡಿಗೆ ಹೋಗಿ ಹಸುಗಳನ್ನು ಕಂಡರು. ಬೆಂಗಳೂರಿಗೆ ಮರಳಿದ ಮೇಲೆ ಎಂಜಿನ್ನಿನ ರಬ್ಬರು ಕೊಳವೆಗಳನ್ನೆಲ್ಲ ಬದಲಿಸಿದೆವು. ಹಳೆಯ ಕಾರುಳ್ಳ ಬಂಧುಗಳು, ಎಂಜಿನ್ನು ಇಳಿಸುವ ಮಾತು ಬಂದಾಗ, ಮೊದಲು ಅವುಗಳನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಫೋನಿನಲ್ಲಿ ನಾವು ಕಳಿಸಿದ್ದು ಬರಿಯ ಸದ್ದು. ತಾಯಿಯವರು ಕೊಟ್ಟದ್ದು ಅದರ ಹೆಸರು. ಶಾಲೆಯಲ್ಲಿ ಕನ್ನಡದ ಅಕ್ಷರ ಕಲಿಯದ ತವರೊಂದು ಆ ಹೆಸರನ್ನು ಕಾಪಿಟ್ಟುಕೊಂಡಿತ್ತು. ನಮ್ಮ ಸಂಘದ ಮನೆಗಳಲ್ಲಿಯೂ ಅಂಥ ಹಿರಿಯರಿದ್ದಾರೆ. ಮುಂದಿನ ಸಮ್ಮೇಳನದ ಒಂದು ಗೋಷ್ಠಿಯಲ್ಲಿ ಅವರನ್ನು ವೇದಿಕೆಗೆ ಕರೆದು, ಅವರು ಬಲ್ಲ ಸದ್ದುಗಳ ಪದಗಳನ್ನು ಮಕ್ಕಳಿಂದ ಬರೆಯಿಸಿಕೊಳ್ಳಬಾರದೇಕೆ?