ಬೆಂಕಿಯಿಲ್ಲದ ಮನೆಗೆ ಫೈರ್ ಇಂಜಿನ್

ಸೊಸೆಯ ಬಾಣಂತನಕ್ಕೆಂದು ತಿಪಟೂರಿನಿಂದ ನಾವಿಬ್ಬರೂ ಮಗನ ಮನೆಗೆ ಹೋಗಿದ್ದೆವು. ಸಿಯಾಟಲ್ ಪಕ್ಕದ ಬೆಲ್‌ವ್ಯೂ. ಅವತ್ತು ಮಗ ಆಫೀಸಿನಲ್ಲಿದ್ದ, ಸೊಸೆ ಮಗುವಿಗೆ ಲಸಿಕೆ ಹಾಕಿಸಲು ಹೋಗಿದ್ದಳು. ನಮ್ಮ ಮನೆಯವರು ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ವಾರ್ತೆ ನೋಡುತ್ತಿದ್ದರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹಾಕಿದ್ದೆ. ಗೊರಕೆಯಂಥ ಸದ್ದು ಕೇಳಿತು. ಈ ಹೊತ್ತಲ್ಲಿ ಎಂಥ ನಿದ್ದೆ ಎಂದು ತಿರುಗಿದರೆ ಕತ್ತು ವಾಲಿತ್ತು, ಕಣ್ಣು ಅರೆ ತೆರೆದಿತ್ತು. "ರೀ, ಏಳ್ರೀ" ಎಂದು ಅಲುಗಿಸಿದೆ. ಏಳಲಿಲ್ಲ. ಅದು ಗೊರಕೆಯಲ್ಲ, ಹೃದಯ ನಿಂತವರು ಎಳೆಯುವ ಉಸಿರು ಎಂದು ಆಮೇಲೆ ಡಾಕ್ಟರು ಹೇಳಿದರು.

ಮನೆ ವಿಳಾಸವನ್ನೂ 911 ಎಂಬ ನಂಬರನ್ನೂ ಮಗ ಫ್ರಿಜ್ ಮೇಲೆ ಅಂಟಿಸಿದ್ದ. ನೋಡಿಕೊಂಡು ಒತ್ತಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಇಂಗ್ಲಿಷ್ ಓದಬಲ್ಲೆ, ಅಲ್ಲಿಯವರ ಮಾತು ಫೋನಿನಲ್ಲಿ ಹಿಡಿಯುವುದು ಕಷ್ಟ. ಫೋನೆತ್ತಿದ ಹೆಂಗಸು ಬಿಡಿಬಿಡಿಯಾಗಿ ಮಾತಾಡಿದಳು. ವಿಳಾಸ ಕೇಳಿಕೊಂಡ ಮೇಲೆ ಅವಳಿಗೆ ಬೇಕಾಗಿದ್ದು ಎರಡೇ ಉತ್ತರ: ಎಚ್ಚರವಿದೆಯೇ? ಉಸಿರಾಟ ಸರಿಯಿದೆಯೇ? ಎರಡಕ್ಕೂ ಇಲ್ಲ ಎಂದ ಕೂಡಲೇ, ಗಾಡಿ ಹೊರಟಿದೆ, ಅವರನ್ನು ನೆಲಕ್ಕೆ ಮಲಗಿಸು ಎಂದಳು.

ಕಂಕುಳಿಗೆ ಕೈಹಾಕಿ ಎಳೆದೆ. ದಪ್ಪೆಂದು ಕಾರ್ಪೆಟ್ಟಿನ ಮೇಲೆ ಬಿದ್ದರು. ಎದೆಯ ನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಜೋರಾಗಿ, ಬೇಗ ಬೇಗ ಒತ್ತಬೇಕು. ಸ್ಪೀಕರಿನಲ್ಲಿ ಅವಳು ಒನ್, ಟೂ, ತ್ರೀ, ಫೋರ್ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲೇ ನನ್ನ ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು ಬರತೊಡಗಿತು. ಒಳಗೆ ಪಕ್ಕೆಲುಬು ಲಟಕ್ ಎಂದಿತು. ಕೈ ತೆಗೆದುಬಿಟ್ಟೆ. ಪರವಾಗಿಲ್ಲ, ನಿಲ್ಲಿಸಬೇಡ ಎಂದಳು. ಬಲಗೈಯ ಗಾಜಿನ ಬಳೆ ಒಡೆದು ಚೂರು ಅವರ ಬನಿಯನ್ ಮೇಲೆ ಬಿತ್ತು. ಬೇರೆ ಹೊತ್ತಾಗಿದ್ದರೆ ಅದೊಂದಕ್ಕೇ ಕುಸಿದುಬಿಡುತ್ತಿದ್ದೆ. ಅಪಶಕುನ ಎಣಿಸಲು ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ಸಾಸಿವೆ ಸೀದು ಹೊಗೆಯಾಗಿ ಸ್ಮೋಕ್ ಅಲಾರಂ ಕಿರುಚತೊಡಗಿತು. ಕಿಟಕಿಯಾಚೆ ಕೆಂಪು ಫೈರ್ ಇಂಜಿನ್ ಬಂದು ನಿಂತಿತು. ಹೊಗೆಗೆ ಬಂದವರೆಂದು ತಿಳಿದು, ಚಿಲಕ ತೆಗೆಯುತ್ತಲೇ "ನೋ ಫೈರ್, ಹಾರ್ಟ್, ಹಾರ್ಟ್" ಎಂದು ಕೂಗಿದೆ. "ಗೊತ್ತಮ್ಮ" ಎಂಬಂತೆ ಒಬ್ಬ ಭುಜ ಮುಟ್ಟಿ ಒಳಗೆ ನುಗ್ಗಿದ. ಒಬ್ಬ ಟೀಪಾಯಿ ಸರಿಸಿದ, ಒಬ್ಬ ಒಲೆ ಆರಿಸಿದ, ಇನ್ನೊಬ್ಬ ಆಗಲೇ ಎದೆ ಒತ್ತುತ್ತಿದ್ದ. ಬನಿಯನ್ ಕತ್ತರಿಸಿ ಎದೆಗೆ ಎರಡು ಪಟ್ಟಿ ಅಂಟಿಸಿದರು. ಎಲ್ಲರೂ ಕೈ ತೆಗೆದರು. ಕರೆಂಟ್ ಹೊಡೆದಾಗ ಮೈ ಒಮ್ಮೆ ಎಗರಿತು.

ಹಿಂದೆಯೇ ಪ್ಯಾರಾಮೆಡಿಕ್‌ಗಳು ಬಂದರು. ಅವರೂ ಅಗ್ನಿಶಾಮಕ ಇಲಾಖೆಯವರೇ. ಯಾವ ಮಾತ್ರೆ ತಗೊಳ್ತಾರೆ ಎಂದು ಕೇಳಿದರು. ಊರಿಂದ ತಂದಿದ್ದ ಡಬ್ಬಿಯನ್ನೇ ಮುಂದಿಟ್ಟೆ. ನಮ್ಮ ಕಂಪನಿಗಳ ಹೆಸರು ಅವರಿಗೇನು ಗೊತ್ತು? ಸ್ಟ್ರಿಪ್ ತಿರುಗಿಸಿ, ಸಣ್ಣಕ್ಷರದಲ್ಲಿದ್ದ ಔಷಧಿಯ ಮೂಲ ಹೆಸರು ಓದಿ ಬರೆದುಕೊಂಡರು. ಸ್ಟ್ರೆಚರ್ ಬಾಗಿಲು ದಾಟುವಾಗ ಒಬ್ಬ ಹೆಬ್ಬೆರಳೆತ್ತಿ, ನಾಡಿ ಬಂದಿದೆ ಎಂದ.

ಬೆಂಕಿ ಆರಿಸುವವರು ಯಾಕೆ ಬಂದರು ಎಂದು ಆಮೇಲೆ ಮಗನನ್ನು ಕೇಳಿದೆ. 1970ರಲ್ಲಿ ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ಹೃದ್ರೋಗ ತಜ್ಞ ಲೆನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ 'ಮೆಡಿಕ್ ಒನ್' ಶುರುಮಾಡಿದರಂತೆ. ಬಡಾವಣೆಗೊಂದು ಫೈರ್ ಸ್ಟೇಷನ್ ಹೇಗೂ ಇದೆ, ಹಗಲೂ ರಾತ್ರಿ ಜನ ಸಿದ್ಧರಿರುತ್ತಾರೆ, ಬೆಂಕಿ ಮಾತ್ರ ದಿನಾ ಬೀಳುವುದಿಲ್ಲ. ಅವರಿಗೇ ಆಸ್ಪತ್ರೆಯಲ್ಲಿ ಕಲಿಸಿದರು. ಈಗ ಅಲ್ಲಿ ಫೈರ್ ಇಂಜಿನ್ ಹೊರಡುವುದು ಬೆಂಕಿಗಿಂತ ರೋಗಿಗಳಿಗೇ ಹೆಚ್ಚು. ಇದಕ್ಕೆ ದುಡ್ಡು ಆಸ್ತಿ ತೆರಿಗೆಯಿಂದ, ಅದೂ ಜನ ವೋಟು ಹಾಕಿ ಒಪ್ಪಿದ್ದು. ಹೃದಯ ನಿಂತವರ ಎದೆ ಯಾರೂ ಒತ್ತದಿದ್ದರೆ, ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ದೂರದ ಆಸ್ಪತ್ರೆಯ ಆಂಬುಲೆನ್ಸಿಗೆ ಕಾದರೆ ಆಗುವ ಕೆಲಸವಲ್ಲ.

ಸ್ಟೆಂಟ್ ಹಾಕಿದರು, ಮನೆಯವರು ಉಳಿದರು. ಆ ದಿನದ್ದು ಅವರಿಗೆ ಏನೂ ನೆನಪಿಲ್ಲ. ಪಕ್ಕೆ ನೋವು ಮಾತ್ರ ಬಹಳ ದಿನ ಇತ್ತು, ನನ್ನನ್ನೇ ಬೈಯುತ್ತಿದ್ದರು. ವಿಮಾ ಕಂಪನಿ ಬಿ.ಪಿ. ಮೊದಲೇ ಇತ್ತೆಂದು ತಗಾದೆ ತೆಗೆಯಿತು. ಆಸ್ಪತ್ರೆ ಬಿಲ್ಲನ್ನು ಮಗ ಕಂತಿನಲ್ಲಿ ಕಟ್ಟುತ್ತಿದ್ದಾನೆ.

ನಮ್ಮಲ್ಲಿ 2008ರಿಂದ 108 ಆಂಬುಲೆನ್ಸ್ ಇದೆ, ಎಷ್ಟೋ ಜೀವ ಉಳಿಸಿದೆ. ಆದರೂ ಕೇಳಬೇಕೆನಿಸುತ್ತದೆ. ನಮ್ಮ ಇಲಾಖೆಯ ಹೆಸರೂ 'ಅಗ್ನಿಶಾಮಕ ಮತ್ತು ತುರ್ತು ಸೇವೆಗಳು'. ಬಾವಿಗೆ ಬಿದ್ದ ಹಸು ಎತ್ತುವ, ನೆರೆಯಲ್ಲಿ ಸಿಕ್ಕವರನ್ನು ಹೊತ್ತು ತರುವ ಆ ಹುಡುಗರ ಗಾಡಿಯಲ್ಲಿ ಕರೆಂಟ್ ಕೊಡುವ ಆ ಪೆಟ್ಟಿಗೆಯನ್ನೂ ಇಟ್ಟು ಕಲಿಸಿದರೆ ಏನು ನಷ್ಟ?

ಮಕ್ಕಳ ಮನೆಗೆ ವಿದೇಶಕ್ಕೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎದೆ ಒತ್ತುವುದನ್ನು ಇಲ್ಲೇ ಯಾರಿಂದಲಾದರೂ ಕಲಿತುಕೊಳ್ಳಿ. ಮಾತ್ರೆಗಳ ಮೂಲ ಹೆಸರು ಬರೆದು ಪರ್ಸಿನಲ್ಲಿಡಿ. ವಿಮೆಯ ಕಾಗದದಲ್ಲಿ ಹಳೆಯ ಕಾಯಿಲೆಯ ಬಗ್ಗೆ ಏನಿದೆ ಎಂದು ಓದಿಯೇ ಸಹಿ ಹಾಕಿ.